ಗಡಿ ದಾಟುವ ನದಿಗಳು: ನೀರಿಗಿಂತ ಮೊದಲು ಸುದ್ದಿ ಬರಬೇಕಲ್ವಾ?

ಹೊಳೆದಂಡೆ

ಎರಡು ದೇಶಗಳಲ್ಲಿ ಹರಿಯುವ ನದಿಯ ಮಾತು ಬಂದರೆ ಸಾಕು, ಯಾರಿಗೆ ಎಷ್ಟು ನೀರು ಅನ್ನುವ ಲೆಕ್ಕಕ್ಕೆ ಇಳಿಯುತ್ತೇವೆ. ಆ ಲೆಕ್ಕ ಬೇಡ ಅನ್ನುತ್ತಿಲ್ಲ. ಆದರೆ ಬರುವ ನೀರಿನಲ್ಲಿ ಏನು ಕಲೆತಿದೆ? ಮೇಲೆ ಅನಾಹುತ ಆದರೆ ಕೆಳಗಿನವರಿಗೆ ಯಾರು ಹೇಳುತ್ತಾರೆ, ಎಷ್ಟು ಹೊತ್ತಿಗೆ ಹೇಳುತ್ತಾರೆ? ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಇದು.

1986ರ ನವೆಂಬರ್ 1. ಸ್ವಿಟ್ಜರ್ಲೆಂಡಿನ ಬಾಸೆಲ್ ಪಕ್ಕದಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಸಾವಿರಕ್ಕೂ ಹೆಚ್ಚು ಟನ್ ಕೀಟನಾಶಕ ಮತ್ತಿತರ ರಾಸಾಯನಿಕ. ಬೆಂಕಿ ಆರಿಸಲು ರಾತ್ರಿಯೆಲ್ಲ ನೀರು ಹೊಡೆದರು. ಆ ನೀರನ್ನು ಹಿಡಿದಿಡುವ ತೊಟ್ಟಿ ಅಲ್ಲಿರಲಿಲ್ಲ. ಅದು ವಿಷ ತೊಳೆದುಕೊಂಡು ಸೀದಾ ರೈನ್ ನದಿಗೆ ಇಳಿಯಿತು. ಗೋದಾಮಿನಲ್ಲಿದ್ದ ಬಣ್ಣ ಬೆರೆತು ನದಿ ಕೆಂಪಾಯಿತು. ಕೆಳಗೆ ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು. ಅದೇ ನದಿ ಮುಂದೆ ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ದಾಟಿ ಸಮುದ್ರ ಸೇರುತ್ತದೆ. ಅವರಿಗೆ ಸುದ್ದಿ ತಡವಾಗಿ ಹೋಯಿತು. ಬೆಂಕಿಗೆ ಬಂದಷ್ಟೇ ಸಿಟ್ಟು ಆ ತಡಕ್ಕೂ ಬಂತು.

ರೈನ್ ಕಾಪಾಡುವ ಅಂತರರಾಷ್ಟ್ರೀಯ ಆಯೋಗ 1950ರಲ್ಲೇ ಹುಟ್ಟಿತ್ತು. ಅಂದರೆ ಬೆಂಕಿ ಬೀಳುವ ಹೊತ್ತಿಗೆ ಆ ದೇಶಗಳು 36 ವರ್ಷದಿಂದ ಒಟ್ಟಿಗೆ ಕೂತು ಮಾತಾಡುತ್ತಿದ್ದವು. ಆದರೂ ಕೆಲಸಕ್ಕೆ ನಿಜವಾದ ಬಿಸಿ ಮುಟ್ಟಿದ್ದು ಮರುವರ್ಷ, 1987ರ ಕಾರ್ಯಯೋಜನೆಯಲ್ಲಿ. ಅದರ ಗುರಿ ನನಗೆ ತುಂಬಾ ಹಿಡಿಸಿತು: 2000ದ ಹೊತ್ತಿಗೆ ಸಾಲ್ಮನ್ ಮೀನು ರೈನ್‌ಗೆ ವಾಪಸ್ ಬರಬೇಕು. ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಮಾತ್ರ ಬರೆದಿದ್ದರೆ ತಜ್ಞರಿಗಷ್ಟೇ ಅರ್ಥವಾಗುತ್ತಿತ್ತು. ಮೀನು ಬಂತೋ ಇಲ್ಲವೋ ಅನ್ನುವುದು ಮಗುವಿಗೂ ಗೊತ್ತಾಗುತ್ತದೆ. ಮೀನು ಬಂತು. ಅದು ಒಡ್ಡುಗಳನ್ನು ಹತ್ತಿ ಹೋಗಲಿ ಅಂತ ಇಫೆಟ್ಸ್‌ಹೈಮ್‌ನಲ್ಲಿ 2000ದಲ್ಲಿ, ಗಾಂಬ್ಸ್‌ಹೈಮ್‌ನಲ್ಲಿ 2006ರಲ್ಲಿ ಮೀನುದಾರಿ ಮಾಡಿಕೊಟ್ಟರು.

ಇಂಥ ಅನಾಹುತ ಆಗದೆ ದೇಶಗಳು ಒಟ್ಟಿಗೆ ಕೈ ಹಚ್ಚುವುದೇ ಇಲ್ವಾ? ನೀವು ಬಲ್ಲ ನದಿಗಳ ಬಗ್ಗೆ ಬರೆಯಿರಿ.

ಕಲ್ಲುಮಡು

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ರೈನ್ ಉದಾಹರಣೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅವು ದುಡ್ಡಿರುವ ದೇಶಗಳು. ಎರಡನೇ ಮಹಾಯುದ್ಧದ ಮೇಲೆ ಅವರ ನಡುವೆ ಜಗಳ ಇಲ್ಲ. ಇತ್ತ ಗಡಿಯಲ್ಲಿ ಸೈನ್ಯ ನಿಂತಿರುವ ದೇಶಗಳಿಗೆ ಹೋಗಿ ಸಾಲ್ಮನ್ ಕಥೆ ಹೇಳಿದರೆ ಯಾರು ಕೇಳುತ್ತಾರೆ? ಮೇಲ್ದಂಡೆಯವನಿಗೆ ನೀರು ಒಂದು ಅಸ್ತ್ರ. ಒಪ್ಪಂದ ಇದ್ದರೂ ಬೇಡವಾದ ದಿನ ಅದು ಬರೀ ಕಾಗದ.

ಒರತೆ

ಕಲ್ಲುಮಡು ಅವರೇ, ಯುದ್ಧ ಇರಲಿಲ್ಲ ನಿಜ. ಆದರೆ ರೈನ್‌ನಲ್ಲಿ ಜಗಳ ಇರಲಿಲ್ಲ ಅನ್ನಬೇಡಿ. ಉಪ್ಪಿನ ಜಗಳ ಹತ್ತಾರು ವರ್ಷ ನಡೆದಿದೆ.

ಫ್ರಾನ್ಸಿನ ಅಲ್ಸಾಸ್‌ನಲ್ಲಿ ಪೊಟ್ಯಾಷ್ ಗಣಿಗಳಿದ್ದವು. ಗೊಬ್ಬರಕ್ಕೆ ಬೇಕಾದದ್ದನ್ನು ಇಟ್ಟುಕೊಂಡು, ಉಳಿದ ಉಪ್ಪನ್ನು ನದಿಗೆ ಬಿಡುತ್ತಿದ್ದರು. ನದಿಯ ಕಟ್ಟಕಡೆಯಲ್ಲಿ ನೆದರ್ಲೆಂಡ್ಸ್‌ನ ಸಸಿ ಬೆಳೆಗಾರರಿದ್ದರು. ಗಾಜಿನ ಮನೆಯಲ್ಲಿ ಬೆಳೆಯುವ ಎಳೆ ಗಿಡಕ್ಕೆ ಉಪ್ಪುನೀರು ಹಾಕಿದರೆ ಮೊದಲು ಎಲೆಯ ಅಂಚು ಸುಡುತ್ತದೆ. ಅವರು ಗಣಿ ಕಂಪನಿಯ ಮೇಲೆ ಕೇಸು ಹಾಕಿದರು. ಯಾವ ದೇಶದ ಕೋರ್ಟಿನಲ್ಲಿ ನಡೆಸಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. 1976ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ಕೊಳೆ ಬಿಟ್ಟ ಜಾಗದಲ್ಲಾಗಲಿ, ನಷ್ಟ ಆದ ಜಾಗದಲ್ಲಾಗಲಿ, ಎರಡರಲ್ಲಿ ಎಲ್ಲಿ ಬೇಕಾದರೂ ಕೇಸು ಹಾಕಬಹುದು. ಕೆಳಗಿನವನು ತನ್ನ ಊರಿನ ಕೋರ್ಟಿಗೇ ಹೋಗಬಹುದು ಅಂತಾಯಿತು. ಗಡಿ ದಾಟುವ ಕೊಳೆಯ ಮಟ್ಟಿಗೆ ನನ್ನ ಕಣ್ಣಲ್ಲಿ ಇದು ಬಹಳ ದೊಡ್ಡ ಹೆಜ್ಜೆ.

ಅದೇ ವರ್ಷ ರೈನ್ ದೇಶಗಳು ಉಪ್ಪು ತಗ್ಗಿಸುವ ಒಪ್ಪಂದಕ್ಕೂ ಸಹಿ ಹಾಕಿದವು. ಖರ್ಚನ್ನು ಹಂಚಿಕೊಂಡ ರೀತಿ ನೋಡಿ. ನೆದರ್ಲೆಂಡ್ಸ್ ಶೇ. 34, ಜರ್ಮನಿ ಶೇ. 30, ಫ್ರಾನ್ಸ್ ಶೇ. 30, ಸ್ವಿಟ್ಜರ್ಲೆಂಡ್ ಶೇ. 6. ತೊಂದರೆ ಅನುಭವಿಸಿದವರೇ ಎಲ್ಲರಿಗಿಂತ ಜಾಸ್ತಿ ಕೊಟ್ಟರು!

ಕಲ್ಲುಮಡು

ಇದು ನ್ಯಾಯವಾ? ಹಾಳು ಮಾಡಿದವನು ತಾನೇ ಕಟ್ಟಬೇಕು? ಹೀಗೆ ಶುರು ಮಾಡಿದರೆ ಮೇಲಿನವನು ನಾಳೆ ಇನ್ನಷ್ಟು ಕೊಳೆ ಬಿಟ್ಟು "ದುಡ್ಡು ಕೊಡಿ, ನಿಲ್ಲಿಸುತ್ತೇನೆ" ಅನ್ನುತ್ತಾನೆ.

ಹೊಳೆದಂಡೆ

ನನಗೂ ಅದು ನುಂಗಲಾರದ ತುತ್ತು. ಆದರೆ ಒರತೆ ಅವರು ಹೇಳಿದ ಕೋರ್ಟಿನ ದಾರಿಯನ್ನೂ ಜೊತೆಗೆ ಇಟ್ಟು ನೋಡಿ. ಒಂದು ಕೈಯಲ್ಲಿ ಖರ್ಚಿನ ಪಾಲು, ಇನ್ನೊಂದು ಕೈಯಲ್ಲಿ ಕೇಸು. ಸಂಧಾನ ನಡೆದಾಗ ಬೆಳೆಗಾರರು ಸುಮ್ಮನೆ ಕೂರಲಿಲ್ಲ. ಆ ಒತ್ತಡ ಇಲ್ಲದಿದ್ದರೆ ದುಡ್ಡು ಕೊಟ್ಟೂ ಉಪ್ಪು ನಿಲ್ಲುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಸೀಸೆ

ನಾನು ತುಂಬಾ ವರ್ಷ ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಎಲ್ಲರೂ ಒಪ್ಪಂದ, ಕೋರ್ಟು ಅನ್ನುತ್ತಿದ್ದೀರಿ. ನಾನು ಸೀಸೆಯಿಂದ ಶುರು ಮಾಡುತ್ತೇನೆ. ಎಷ್ಟೋ ಜಗಳ ಹುಟ್ಟುವುದು ಅಲ್ಲೇ.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಬೇಕು ಅಂದುಕೊಳ್ಳಿ. ಗಾಜಿನ ಸೀಸೆಯನ್ನು ನೀರಿನೊಳಗೆ ಮುಳುಗಿಸಿ, ಒಂದು ಗುಳ್ಳೆಯೂ ಸಿಗದ ಹಾಗೆ ತುಂಬಬೇಕು. ಗುಳ್ಳೆ ಉಳಿದರೆ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ಕೆಡುತ್ತದೆ. ದಂಡೆಯಲ್ಲೇ ನಿಂತು ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಆಮೇಲೆ ಕ್ಷಾರ ಸೇರಿದ ಅಯೊಡೈಡ್ ಹಾಕಬೇಕು. ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಕಲಕಬೇಕು. ಒಳಗೆ ಕಂದು ಬಣ್ಣದ ಗಸಿ ಕಟ್ಟಿದರೆ ಆಮ್ಲಜನಕ ಇದೆ. ಬಿಳಿಯಾಗೇ ಉಳಿದರೆ ಆ ನೀರಲ್ಲಿ ಮೀನು ಬದುಕುವುದಿಲ್ಲ. ಇದನ್ನು ದಂಡೆಯಲ್ಲಿ ಮಾಡದೆ, ಸೀಸೆಯನ್ನು ಜೀಪಿನಲ್ಲಿ ಇಟ್ಟುಕೊಂಡು ಲ್ಯಾಬ್‌ಗೆ ಬಂದು ಮಾಡಿದರೆ ಬರುವ ಅಂಕಿಗೆ ಅರ್ಥವೇ ಇಲ್ಲ. ದಾರಿಯಲ್ಲಿ ಒಳಗಿನ ಜೀವಾಣುಗಳು ಆಮ್ಲಜನಕ ತಿಂದು ಮುಗಿಸಿರುತ್ತವೆ.

ಇನ್ನು ಹೊತ್ತಿನ ವಿಷಯ. ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಮಧ್ಯಾಹ್ನ ಮೂರಕ್ಕೆ ತೆಗೆದ ನೀರು ಚೆನ್ನಾಗಿ ಕಾಣುತ್ತದೆ, ಬೆಳಗಿನ ಜಾವ ತೆಗೆದದ್ದು ಸಾಯುತ್ತಿರುವ ನದಿಯ ಹಾಗೆ ಕಾಣುತ್ತದೆ. ಮೇಲಿನ ದೇಶ ಮಧ್ಯಾಹ್ನ ತೆಗೆಯಿತು, ಕೆಳಗಿನ ದೇಶ ಬೆಳಗ್ಗೆ ತೆಗೆಯಿತು ಅಂತಿಟ್ಟುಕೊಳ್ಳಿ. ಇಬ್ಬರೂ ಪ್ರಾಮಾಣಿಕರೇ. ಆದರೆ ಸಭೆಯಲ್ಲಿ ಇಬ್ಬರೂ ಎದುರಿನವನು ಸುಳ್ಳು ಹೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಸೀಸ, ಸತುವಿನಂಥ ಲೋಹ ಅಳೆಯುವಾಗಲೂ ಹೀಗೇ. ನೀರನ್ನು ಸೋಸಿ ಅಳೆದರೆ ಒಂದು ಅಂಕಿ, ಸೋಸದೆ ಅಳೆದರೆ ಇನ್ನೊಂದು.

ಯುರೋಪಿನ ಡ್ಯಾನ್ಯೂಬ್ ನದಿಯ ದೇಶಗಳು ಇದಕ್ಕೆ ಮಾಡಿದ್ದು ನನಗೆ ತುಂಬಾ ಮೆಚ್ಚುಗೆಯಾಯಿತು. 1994ರಲ್ಲಿ ಸೋಫಿಯಾದಲ್ಲಿ ಒಪ್ಪಂದಕ್ಕೆ ಸಹಿ ಆಯಿತು, 1998ರಲ್ಲಿ ಜಾರಿಗೆ ಬಂತು. ಆಮೇಲೆ 2001ರಿಂದ ಸುಮಾರು ಆರು ವರ್ಷಕ್ಕೊಮ್ಮೆ ಒಟ್ಟಾಗಿ ನದಿಯ ಉದ್ದಕ್ಕೂ ಪರೀಕ್ಷೆ ಮಾಡುತ್ತಾರೆ. ಎಲ್ಲ ಕಡೆಗೂ ಒಂದೇ ವಿಧಾನ. ಬಂದ ಅಂಕಿಯ ಬಗ್ಗೆ ಯಾವ ದೇಶವೂ "ಅದು ನಿಮ್ಮ ಲ್ಯಾಬಿನದು" ಅನ್ನುವಂತಿಲ್ಲ. ರೈನ್‌ನಲ್ಲೂ ಬಾಸೆಲ್‌ನ ಕೆಳಗೆ ವೈಲ್ ಆಮ್ ರೈನ್ ಅನ್ನುವ ಊರಲ್ಲಿ ಪರೀಕ್ಷಾ ಕೇಂದ್ರ ಇದೆ. ಜಾಗ ಜರ್ಮನಿಯದು, ನಡೆಸುವುದು ಸ್ವಿಸ್ ಮತ್ತು ಜರ್ಮನ್ ಕಡೆಯವರು ಸೇರಿ. ನಂಬಿಕೆ ಬಂದಮೇಲೆ ಅಳತೆ ಮಾಡೋಣ ಅಂತ ಕಾದರೆ ಆಗುವುದಿಲ್ಲ. ಒಟ್ಟಿಗೆ ಅಳೆಯುತ್ತಾ ಅಳೆಯುತ್ತಾ ನಂಬಿಕೆ ಬರುತ್ತದೆ.

ತೇಲುಮರ

ಸೀಸೆ ಮೇಡಂ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ಡ್ಯಾನ್ಯೂಬ್‌ನವರ ಎಚ್ಚರಿಕೆ ವ್ಯವಸ್ಥೆ ನಿಜವಾಗಿ ಪರೀಕ್ಷೆಗೆ ಬಿದ್ದದ್ದು 2000ದ ಜನವರಿ 30ರಂದು. ರೊಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನ ತೆಗೆಯುವ ಘಟಕದ ಕೊಳೆನೀರಿನ ಏರಿ ಒಡೆಯಿತು. ಸುಮಾರು ಒಂದು ಲಕ್ಷ ಘನ ಮೀಟರ್ ಸಯನೈಡ್ ಬೆರೆತ ನೀರು ಹಳ್ಳಕ್ಕೆ ಇಳಿದು, ಸೊಮೆಶ್ ಸೇರಿ, ಹಂಗೆರಿಯ ಟಿಸಾ ನದಿಗೆ ಬಂತು. ಅಲ್ಲಿಂದ ಯುಗೊಸ್ಲಾವಿಯಾ, ಡ್ಯಾನ್ಯೂಬ್, ಕಪ್ಪು ಸಮುದ್ರ. ಒಟ್ಟು ಸುಮಾರು 2,000 ಕಿಲೋಮೀಟರ್. ಹಂಗೆರಿಯಲ್ಲಿ ಸಾವಿರ ಟನ್ನಿಗೂ ಜಾಸ್ತಿ ಮೀನು ಸತ್ತಿತು.

ಆದರೆ ಈ ಸಲ ವಿಷಕ್ಕಿಂತ ಮುಂದೆ ಸುದ್ದಿ ಓಡಿತು. ಕೆಳಗಿನವರು ಟಿಸಾ ಸರೋವರದ ಅಣೆಯನ್ನು ಸ್ವಲ್ಪ ಕಾಲ ಮುಚ್ಚಿದರು. ವಿಷ ಸರೋವರದ ಒಳಗೆ ಹರಡಲು ಬಿಡಲಿಲ್ಲ. ಸತ್ತ ಮೀನನ್ನು ಆ ಸುದ್ದಿ ಉಳಿಸಲಿಲ್ಲ. ಆದರೆ ಜನರನ್ನು ಕಾಪಾಡಿತು, ಸರೋವರದ ಜೀವವನ್ನೂ ಒಂದಿಷ್ಟು ಉಳಿಸಿತು. 1986ಕ್ಕೂ 2000ಕ್ಕೂ ಇರುವ ವ್ಯತ್ಯಾಸ ಇದು.

ಕಲ್ಲುಮಡು

ಸರಿ, ಒಪ್ಪಿದೆ. ಆದರೆ ಅದೇ ಯುರೋಪಿನಲ್ಲಿ 2022ರಲ್ಲಿ ಓಡರ್ ನದಿಯಲ್ಲಿ ಆಗಿದ್ದು ಏನು? ಪೋಲೆಂಡಿನಲ್ಲಿ ಜುಲೈ ಕೊನೆಯಿಂದಲೇ ಮೀನು ಸಾಯುತ್ತಿತ್ತು. ಕೆಳಗಿನ ಜರ್ಮನಿಗೆ ಗೊತ್ತಾದದ್ದು ಆಗಸ್ಟ್‌ನಲ್ಲಿ, ಅದೂ ತಮ್ಮ ದಂಡೆಗೆ ಸತ್ತ ಮೀನು ಬಂದಮೇಲೆ. ಗಣಿಗಳಿಂದ ಬಂದ ಉಪ್ಪು, ಬಿಸಿಲು, ಕಡಿಮೆ ನೀರು, ಮೂರೂ ಸೇರಿ ಉಪ್ಪುನೀರಲ್ಲಿ ಬೆಳೆಯುವ ಬಂಗಾರದ ಬಣ್ಣದ ಪಾಚಿ ಸಿಹಿನೀರ ನದಿಯಲ್ಲಿ ಬೆಳೆದು ವಿಷ ಬಿಟ್ಟಿತ್ತು. ಸುಮಾರು 360 ಟನ್ ಮೀನು ಹೋಯಿತು. ಓಡರ್‌ಗೂ ಆಯೋಗ ಇದೆ. ಎಚ್ಚರಿಕೆ ಯೋಜನೆಯೂ ಇದೆ. ಆದರೆ ಹೇಳಬೇಕಾದವರು ಹೊತ್ತಿಗೆ ಹೇಳಲಿಲ್ಲ.

ತೇಲುಮರ

ಅದು ನೋವಿನ ಸಂಗತಿಯೇ. ನನಗನ್ನಿಸುವುದು, ಏರಿ ಒಡೆದರೆ ಎಲ್ಲರಿಗೂ ಕಾಣುತ್ತದೆ. ಓಡರ್‌ನಲ್ಲಿ ಕಾರಣ ನಿಧಾನವಾಗಿ ಬೆಳೆಯಿತು. ಇದು ನಮ್ಮ ಕಡೆಯ ವಿಷಯ, ಕಾರಣ ಗೊತ್ತಾದ ಮೇಲೆ ಹೇಳೋಣ ಅಂತ ಕೂತರೆ ಕಥೆ ಮುಗಿಯಿತು. "ಕಾರಣ ಗೊತ್ತಿಲ್ಲ, ಆದರೆ ಮೀನು ಸಾಯುತ್ತಿದೆ" ಅಂತ ಹೇಳುವುದಕ್ಕೆ ಅಧಿಕಾರಿಗೆ ಧೈರ್ಯ ಬರಬೇಕು. ಹೇಳಿದ್ದಕ್ಕೆ ಅವರ ಮೇಲೆ ಕ್ರಮ ಆಗಬಾರದು.

ಮುಂಗಾರು

ಯುರೋಪಿನಿಂದ ಸ್ವಲ್ಪ ಈ ಕಡೆ ಬರೋಣ. ಹಿಮಾಲಯದ ನದಿಗಳಲ್ಲಿ ಸುದ್ದಿ ಅಂದರೆ ಪ್ರಾಣದ ಪ್ರಶ್ನೆ. 2000ದ ಜೂನ್‌ನಲ್ಲಿ ಟಿಬೆಟ್‌ನ ಯಿಗಾಂಗ್‌ನಲ್ಲಿ ಭೂಕುಸಿತದಿಂದ ಕಟ್ಟಿಕೊಂಡಿದ್ದ ಕೆರೆ ಒಡೆದು ಅರುಣಾಚಲದಲ್ಲಿ ಪ್ರವಾಹ ಬಂತು. 2002ರಲ್ಲಿ ಚೀನಾ ಮತ್ತು ಭಾರತ ಬ್ರಹ್ಮಪುತ್ರದ ಮಳೆಗಾಲದ ಮಾಹಿತಿ ಹಂಚಿಕೊಳ್ಳುವ ಒಡಂಬಡಿಕೆಗೆ ಸಹಿ ಹಾಕಿದವು. 2004ರಲ್ಲಿ ಸಟ್ಲೆಜ್‌ಗೆ ಸೇರುವ ಪಾರೆಚು ಹೊಳೆಗೆ ಟಿಬೆಟ್‌ನಲ್ಲಿ ಗುಡ್ಡ ಕುಸಿದು ಕೆರೆ ಕಟ್ಟಿತು. ಈ ಸಲ ಅದು ಮೊದಲೇ ಗೊತ್ತಿತ್ತು. 2005ರ ಜೂನ್‌ನಲ್ಲಿ ಅದು ಒಡೆದಾಗ ಹಿಮಾಚಲದಲ್ಲಿ ರಸ್ತೆ, ಸೇತುವೆ ಹೋದವು. ಜನರನ್ನು ಮಾತ್ರ ಮೊದಲೇ ಎತ್ತರದ ಜಾಗಕ್ಕೆ ಕಳಿಸಿ ಆಗಿತ್ತು.

ಆದರೆ ಕಲ್ಲುಮಡು ಅವರ ಸಂಶಯಕ್ಕೂ ಇಲ್ಲೇ ಆಧಾರ ಇದೆ. 2017ರಲ್ಲಿ, ಡೋಕ್ಲಾಮ್‌ನಲ್ಲಿ ಭಾರತ, ಚೀನಾ ಸೈನ್ಯಗಳು ಎದುರುಬದುರು ನಿಂತ ವರ್ಷ, ಬ್ರಹ್ಮಪುತ್ರದ ಮಾಹಿತಿ ಬರಲಿಲ್ಲ. ಮುಂದಿನ ವರ್ಷ ಮತ್ತೆ ಶುರುವಾಯಿತು. ಸಿಂಧೂ ಒಪ್ಪಂದ 1960ರಿಂದ ಯುದ್ಧಗಳನ್ನೂ ದಾಟಿ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೆ ಭಾರತ ಅದನ್ನು ತಡೆಹಿಡಿಯಿತು. ದೇಶದ ರಕ್ಷಣೆಯ ಚರ್ಚೆ ಇಲ್ಲಿ ಬೇಡ. ನೆರೆಯ ಮುನ್ಸೂಚನೆಯನ್ನಾದರೂ ಬೇರೆ ಎಲ್ಲ ಜಗಳದಿಂದ ಹೊರಗಿಡಬೇಕು ಅನ್ನುವುದಷ್ಟೇ ನನ್ನ ಮಾತು. ನೆರೆಗೆ ಸಿಕ್ಕುವವರು ದಂಡೆಯ ಬಡವರು. ಅವರು ಯಾವ ದೇಶದವರಾದರೆ ಏನು?

ಒರತೆ

ಮುಂಗಾರು ಅವರ ಕೊನೆಯ ಮಾತಿಗೆ ನನ್ನ ಪೂರ್ತಿ ಸಹಮತ.

ಇನ್ನೊಂದು ವಿಷಯ. ಒಟ್ಟಿಗೆ ಕೆಲಸ ಮಾಡಿದರೆ ನದಿಗೆ ಒಳ್ಳೆಯದೇ ಆಗುತ್ತದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಸೆನೆಗಲ್ ನದಿ ನೋಡಿ. ಮಾಲಿ, ಮಾರಿಟೇನಿಯಾ, ಸೆನೆಗಲ್ ದೇಶಗಳು 1972ರಲ್ಲಿ ಸಂಸ್ಥೆ ಕಟ್ಟಿಕೊಂಡವು. ಮನಂತಾಲಿ ಅಣೆಕಟ್ಟು ನಿಂತಿರುವುದು ಮಾಲಿಯ ನೆಲದಲ್ಲಿ, ಆದರೆ ಅದಕ್ಕೆ ಮೂರೂ ದೇಶಗಳು ಒಡೆಯರು. ಕರೆಂಟನ್ನು ಪಾಲು ಹಾಕಿಕೊಳ್ಳುತ್ತವೆ. ಸಹಕಾರ ಅಂದರೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಸಮುದ್ರದ ಉಪ್ಪುನೀರು ಮೇಲೆ ಬರದಿರಲಿ ಅಂತ ನದಿಯ ಬಾಯಿಯ ಹತ್ತಿರ ಡಿಯಾಮಾ ಒಡ್ಡು ಕಟ್ಟಿದರು. ನೀರು ವರ್ಷವಿಡೀ ಸಿಹಿಯಾಯಿತು, ನಿಂತಲ್ಲೇ ನಿಂತಿತು. ಬಸವನಹುಳು ಜಾತಿಯ ಹುಳ ಬೆಳೆಯಿತು. ಅದನ್ನು ತಿನ್ನುತ್ತಿದ್ದ ಸಿಗಡಿಗೆ ಮೊಟ್ಟೆ ಇಡಲು ಉಪ್ಪುನೀರಿಗೆ ಹೋಗುವ ದಾರಿ ಮುಚ್ಚಿತ್ತು. ಆ ಹುಳದಿಂದ ಹರಡುವ ಬಿಲ್ಹಾರ್ಜಿಯಾ ರೋಗ ದಂಡೆಯ ಊರುಗಳಲ್ಲಿ ಬೆಂಕಿಯ ಹಾಗೆ ಹಬ್ಬಿತು. ಬಟ್ಟೆ ಒಗೆಯಲು, ಈಜಲು ನೀರಿಗಿಳಿದ ಹೆಂಗಸರು, ಮಕ್ಕಳಿಗೆ ಬಂತು. ಮೂರು ಸರ್ಕಾರಗಳು ಒಪ್ಪಿದ್ದವು. ಸಿಗಡಿಯ ಪರವಾಗಿ ಕೂತವರು ಯಾರೂ ಇರಲಿಲ್ಲ.

ಹೊಳೆದಂಡೆ

ಒರತೆ ಅವರೇ, ಇದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಕಲಿತೆ. ಹಾಗಾದರೆ ನದಿಗೇ ಅಂತ ನೀರು ಎತ್ತಿಟ್ಟ ಒಪ್ಪಂದ ಎಲ್ಲಾದರೂ ಇದೆಯಾ?

ತೇಲುಮರ

ಇದೆ. ಕೊಲೊರಾಡೊ. ಅಮೆರಿಕ ಮತ್ತು ಮೆಕ್ಸಿಕೊ ನಡುವೆ 1944ರ ಒಪ್ಪಂದ ಇದೆ. ಕೊನೆಗೆ ಮೆಕ್ಸಿಕೊಗೆ ಬಂದ ಅಷ್ಟೂ ನೀರು ಮೊರೆಲೋಸ್ ಅಣೆಯಲ್ಲಿ ಕಾಲುವೆಗೆ ತಿರುಗುತ್ತಿತ್ತು. ಕೆಳಗೆ ನದಿ ಅಂದರೆ ಮರಳು. ಒಪ್ಪಂದಕ್ಕೆ 319ನೇ ನಡಾವಳಿ ಅಂತ ಸೇರಿಸಿ, 2014ರ ಮಾರ್ಚ್ 23ರಿಂದ ಎಂಟು ವಾರ ಬರೀ ನದಿಗಾಗಿ ನೀರು ಬಿಟ್ಟರು. ಸಾನ್ ಲೂಯಿಸ್ ರಿಯೊ ಕೊಲೊರಾಡೊ ಅನ್ನುವ ಊರಿನ ಹೆಸರಲ್ಲೇ ನದಿ ಇದೆ. ಅಲ್ಲಿನ ಮಕ್ಕಳು ಅದರಲ್ಲಿ ನೀರು ಕಂಡಿರಲಿಲ್ಲ. ಜನ ಒಣ ಪಾತ್ರದಲ್ಲಿ ನಿಂತು ಕಾದರು. ನೀರು ನೊರೆ, ಕಡ್ಡಿ ಕಸ ತಳ್ಳಿಕೊಂಡು ನಿಧಾನವಾಗಿ ಬಂತು. ಮಕ್ಕಳು ಅದರ ಮುಂದೆ ಮುಂದೆ ಓಡಿದರು. ಮೇ ತಿಂಗಳಲ್ಲಿ ಅದು ಸಮುದ್ರ ಮುಟ್ಟಿತು.

ತುಂಬಾ ನೀರು ಮರಳಿನಲ್ಲೇ ಇಂಗಿಹೋಯಿತು. ಅದನ್ನೂ ಮುಚ್ಚಿಡಲಿಲ್ಲ. 2017ರ ಮುಂದಿನ ಒಡಂಬಡಿಕೆಯಲ್ಲಿ ನದಿಯ ನೀರಿನ ಪಾಲನ್ನು ಮೂವರು ಹೊತ್ತರು: ಅಮೆರಿಕ, ಮೆಕ್ಸಿಕೊ, ಸ್ವಯಂಸೇವಾ ಸಂಸ್ಥೆಗಳು, ತಲಾ ಮೂರನೇ ಒಂದು. ಆಮೇಲೆ ಆ ನೀರನ್ನು ಕಾಲುವೆಯಲ್ಲಿ ತಂದು, ಗಿಡ ನೆಟ್ಟ ಜಾಗಕ್ಕೆ ನೇರ ಬಿಟ್ಟರು.

ಮುಂಗಾರು

ಇದನ್ನು ಓದುವಾಗ ಬಾಂಗ್ಲಾ ಗಡಿಯ ಹತ್ತಿರ ಗಂಗೆಗೆ ಕಟ್ಟಿದ ಫರಕ್ಕಾ ಒಡ್ಡು ನೆನಪಾಯಿತು. 1996ರ ಡಿಸೆಂಬರ್ 12ರ ಗಂಗಾ ಒಪ್ಪಂದದಲ್ಲಿ ಭಾರತ ಮತ್ತು ಬಾಂಗ್ಲಾದೇಶ ಜನವರಿಯಿಂದ ಮೇ ತನಕ ಹತ್ತು ಹತ್ತು ದಿನಕ್ಕೆ ನೀರಿನ ಲೆಕ್ಕ ಹಾಕುತ್ತವೆ. 70,000 ಕ್ಯೂಸೆಕ್‌ಗಿಂತ ಕಡಿಮೆ ಇದ್ದರೆ ಅರ್ಧರ್ಧ. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಲೆಕ್ಕ. ಎರಡೂ ಕಡೆಯವರಿಗೆ ಪಾಲು ಇದೆ. ಇಂತಿಷ್ಟು ನದಿಗೆ ಅಂತ ಪಾಲು ಇಲ್ಲ. ಕೆಳಗೆ ಸುಂದರಬನದ ಕಡೆ ಉಪ್ಪು ಏರುತ್ತಿದೆ. ಇಲೀಶ್ ಮೀನು ಮೊದಲು ಸಮುದ್ರದಿಂದ ಅಲಹಾಬಾದ್‌ವರೆಗೂ ಹತ್ತಿ ಬರುತ್ತಿತ್ತು. 1975ರಲ್ಲಿ ಫರಕ್ಕಾ ಒಡ್ಡು ಶುರುವಾದ ಮೇಲೆ ಅದಕ್ಕೆ ಆ ದಾರಿ ಮುಚ್ಚಿದ ಹಾಗಾಯಿತು.

ಒಂದು ಒಳ್ಳೆಯ ಸುದ್ದಿಯೂ ಇದೆ. ಬಂಗಾಳ ಕೊಲ್ಲಿಯಲ್ಲಿ ಮೀನು ಮರಿ ಮಾಡುವ ಕಾಲದಲ್ಲಿ ಎರಡೂ ದೇಶಗಳಲ್ಲಿ ಮೀನು ಹಿಡಿಯುವುದು ನಿಷೇಧ. ಆದರೆ ದಿನಾಂಕ ಬೇರೆ ಬೇರೆ ಇತ್ತು. ಒಬ್ಬರು ಬಲೆ ಮಡಚಿಟ್ಟಾಗ ಇನ್ನೊಬ್ಬರು ಹಿಡಿಯುತ್ತಿದ್ದರು. ಬಾಂಗ್ಲಾದ ಮೀನುಗಾರರು ವರ್ಷಗಟ್ಟಲೆ ಕೂಗಾಡಿದರು. 2025ರಲ್ಲಿ ಆ ಸರ್ಕಾರ ತನ್ನ ನಿಷೇಧವನ್ನು ಏಪ್ರಿಲ್ 15ಕ್ಕೆ ತಂದಿತು. ಭಾರತದ್ದೂ ಅಂದೇ ಶುರುವಾಗುತ್ತದೆ. ದೊಡ್ಡ ಶೃಂಗಸಭೆ ಏನೂ ಬೇಕಾಗಲಿಲ್ಲ. ದಿನಾಂಕ ಬದಲಾಯಿತು, ಮೀನಿಗೆ ಉಸಿರಾಡಲು ಜಾಗ ಸಿಕ್ಕಿತು.

ಕಲ್ಲುಮಡು

ಇಂಥ ಸಣ್ಣ ಕೆಲಸವಾದರೆ ನನಗೂ ನಂಬಿಕೆ ಬರುತ್ತದೆ. ಗಂಗಾ ಒಪ್ಪಂದದ 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ, ಅಲ್ವಾ? ಹೊಸದರಲ್ಲಿ ಒಂದೇ ಒಂದು ಸಾಲು ಸೇರಿಸಿ ಅಂದರೆ ನೀವು ಏನು ಸೇರಿಸುತ್ತೀರಿ? ಹರಿವಿನ ಪಾಲಿಗೆ ಕೈ ಹಾಕುವಂತಿಲ್ಲ. ಅದಕ್ಕೆ ಕೈ ಹಾಕಿದರೆ ಮಾತುಕತೆ ಅಲ್ಲೇ ನಿಲ್ಲುತ್ತದೆ.

ಸೀಸೆ

ನನ್ನ ಸಾಲು ಇದು. ಈಗಲೇ ಎರಡೂ ದೇಶದ ಜಂಟಿ ತಂಡ ಬೇಸಿಗೆಯಲ್ಲಿ ದಿನಾ ಫರಕ್ಕಾದಲ್ಲೂ, ಕೆಳಗೆ ಬಾಂಗ್ಲಾದ ಹಾರ್ಡಿಂಜ್ ಸೇತುವೆಯಲ್ಲೂ ಹರಿವು ಅಳೆಯುತ್ತದೆ. ಜನ ಅಲ್ಲಿದ್ದಾರೆ, ದೋಣಿ ಇದೆ, ಬರೆಯುವ ಪುಸ್ತಕ ಇದೆ. ಅದೇ ತಂಡ ಅದೇ ದೋಣಿಯಲ್ಲಿ ಮೂರು ಸೀಸೆ ಹೆಚ್ಚಿಗೆ ತೆಗೆದುಕೊಂಡು ಹೋಗಲಿ. ಒಂದು ಆಮ್ಲಜನಕಕ್ಕೆ, ಒಂದು ಉಪ್ಪಿಗೆ, ಒಂದು ಹೂಳಿಗೆ. ಎರಡೂ ಕಡೆ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು, ಒಂದೇ ಹೊತ್ತಿಗೆ ತುಂಬಲಿ. ಆಮ್ಲಜನಕದ ಸೀಸೆಗೆ ದಂಡೆಯಲ್ಲೇ ಮದ್ದು ಹಾಕಲಿ. ಅಂಕಿಯನ್ನು ಅವತ್ತೇ ಇಬ್ಬರ ಸಹಿಯೊಂದಿಗೆ ಹೊರಗೆ ಹಾಕಲಿ.

ಮುಂಗಾರು

ಹರಿವು ಬರೆಯುವ ಆ ಪುಸ್ತಕದ ಅದೇ ಹಾಳೆಯಲ್ಲೇ ಬರೆಯಲಿ ಮೇಡಂ. ಬೇರೆ ಕಡತ ಮಾಡಿದರೆ ಯಾರೂ ತೆರೆದು ನೋಡುವುದಿಲ್ಲ.